ರಾತ್ರಿ ಮಂಜು, ಹಗಲು ಬಿಸಿಲು: ಯೆಮೆನ್ ಗೋಸುಂಬೆಯನ್ನು ಸಾಕುವ ಕ್ರಮ

ಗೋಸುಂಬೆಯ ಪಂಜರದಲ್ಲಿ ಬಟ್ಟಲು ತುಂಬ ನೀರಿಟ್ಟರೂ ಅದು ಬಾಯಾರಿ ಸೊರಗಬಹುದು. ನಿಂತ ನೀರನ್ನು ಕುಡಿಯುವ ನೀರೆಂದು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲೆ ಕೂತ ಹನಿ, ತುದಿಗೆ ಜಾರಿ ಬೆಳಕಿಗೆ ಮಿನುಗುವ ಹನಿ, ಅದಕ್ಕೆ ಗೊತ್ತಿರುವ ನೀರು ಇದು. ನಾಯಿ, ಬೆಕ್ಕು, ಗಿಳಿ ಸಾಕಿದವರ ಅನುಭವ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ. ಅದು ಹುಟ್ಟಿದ ನಾಡಿನ ಹವೆಯನ್ನು ನಾವು ಪಂಜರದೊಳಗೆ ಕಟ್ಟಿಕೊಡಬೇಕು. ಹವೆ ಸರಿಯಿದ್ದರೆ ಉಳಿದದ್ದೆಲ್ಲ ಕಲಿಯಬಹುದಾದ ಕೆಲಸ. ಹವೆ ತಪ್ಪಿದ್ದರೆ ವೈದ್ಯರು ಕೊಟ್ಟ ಔಷಧವೂ ಹೆಚ್ಚು ದಿನ ಕಾಯುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಅಮೆರಿಕ, ಯುರೋಪಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ವೇಲ್ಡ್ ಕೆಮೀಲಿಯನ್ ಬಗ್ಗೆ. ಜರ್ಮನರು ಇದನ್ನು ಯೆಮೆನ್ ಗೋಸುಂಬೆ ಎನ್ನುತ್ತಾರೆ. ನಮಗೂ ಆ ಹೆಸರೇ ಚೆನ್ನ, ಎಲ್ಲಿಂದ ಬಂದದ್ದು ಎನ್ನುವುದನ್ನು ಅದು ಮರೆಯಲು ಬಿಡುವುದಿಲ್ಲ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಬೆಟ್ಟ, ಕಣಿವೆಗಳು ಇದರ ತವರು. ತಲೆಯ ಮೇಲೆ ಕಿರೀಟದಂತೆ ಎದ್ದ ಎತ್ತರದ ಏಣು. ಗಂಡು ಬಾಲವೂ ಸೇರಿ 45ರಿಂದ 60 ಸೆಂ.ಮೀ., ಹೆಣ್ಣು 30 ಸೆಂ.ಮೀ. ಆಸುಪಾಸು. ಗಂಡಿನ ಹಿಂಗಾಲಿನ ಹಿಮ್ಮಡಿಯಲ್ಲಿ ಮೊಟ್ಟೆಯೊಡೆದ ದಿನದಿಂದಲೇ ಸಣ್ಣದೊಂದು ಮೊಳೆ ಕಾಣುತ್ತದೆ, ಹೆಣ್ಣಿಗೆ ಅದಿಲ್ಲ. ಕೊಳ್ಳುವ ಮುನ್ನ ಆ ಹಿಮ್ಮಡಿ ನೋಡಿ. ಹೆಣ್ಣಾದರೆ ಸಾಕುವ ಕ್ರಮವೇ ಬೇರೆ, ಅದನ್ನು ಮುಂದೆ ವಿವರವಾಗಿ ಹೇಳಿದ್ದೇವೆ.

ಊರಿನ ಗೋಸುಂಬೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಬೇಲಿಯ ಮೇಲೆ ಕತ್ತು ಕೆಂಪಾಗಿಸಿ ತಲೆ ಕುಣಿಸುವ ಓತಿಕ್ಯಾತವನ್ನು ಅನೇಕರು ಗೋಸುಂಬೆ ಎನ್ನುತ್ತಾರೆ. ಅದು ಬೇರೆ ಪ್ರಾಣಿ. ನಿಜವಾದ ಭಾರತೀಯ ಗೋಸುಂಬೆ ಗಾಳಿಗೆ ಅಲುಗುವ ಎಲೆಯಂತೆ ಹಿಂದೆ ಮುಂದೆ ತೂಗಾಡುತ್ತ ನಡೆಯುತ್ತದೆ, ಬಾಲವನ್ನು ಸುರುಳಿ ಸುತ್ತುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ರಸ್ತೆಯಲ್ಲಿ ಕಂಡರೆ ಅದು ಹೊರಟಿದ್ದ ಕಡೆಯ ಗಿಡಕ್ಕೆ ಹತ್ತಿಸಿ ಬಿಟ್ಟುಬಿಡಿ. ಯೆಮೆನ್ ಗೋಸುಂಬೆಯೂ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಭಾರತದಲ್ಲಿ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಂಡರೆ ಕಾನೂನಿನ ತೊಡಕಷ್ಟೇ ಅಲ್ಲ, ಕಳ್ಳಸಾಗಣೆಯಲ್ಲಿ ನಲುಗಿದ ಪ್ರಾಣಿ ಮನೆಗೆ ಬರುತ್ತದೆ. ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ಕಾನೂನಿಲ್ಲ. ಹವಾಯಿಯಲ್ಲಿ ಈ ಜಾತಿಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ.

ಬೆಟ್ಟದ ಒಂದು ದಿನ

ಯೆಮೆನ್ ಎಂದರೆ ಮರಳುಗಾಡು ಎಂದುಕೊಂಡು ಕೆಲವರು ಪಂಜರವನ್ನು ಒಣಗಿಸಿಡುತ್ತಾರೆ. ಗೋಸುಂಬೆ ಎಂದರೆ ಮಳೆಕಾಡು ಎಂದುಕೊಂಡು ಇನ್ನು ಕೆಲವರು ಹಗಲೆಲ್ಲ ನೀರು ಚಿಮುಕಿಸುತ್ತಾರೆ. ಎರಡೂ ತಪ್ಪು. ಆ ಬೆಟ್ಟಗಳಲ್ಲಿ ರಾತ್ರಿ ತಂಪು, ಬೆಳಗಿನ ಜಾವ ಮಂಜು ಇಳಿದು ಎಲೆ ತೊಯ್ಯುತ್ತದೆ. ಬಿಸಿಲೇರಿದಂತೆ ಎಲ್ಲ ಒಣಗಿ, ಮಧ್ಯಾಹ್ನಕ್ಕೆ ಗಾಳಿ ಹಗುರಾಗುತ್ತದೆ. ಗೋಸುಂಬೆ ರಾತ್ರಿಯಿಡೀ ತೇವದ ಗಾಳಿಯನ್ನು ಉಸಿರಾಡಿ, ಮೈಯೊಳಗಿನ ನೀರು ಹೆಚ್ಚು ಖರ್ಚಾಗದಂತೆ ನಿದ್ದೆ ಮಾಡುತ್ತದೆ. ಬೆಳಗ್ಗೆ ಎಲೆಯ ಹನಿ ನೆಕ್ಕಿ ಬಿಸಿಲಿಗೆ ಬರುತ್ತದೆ.

ಸಾಕುವವರ ಮನೆಯಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುಗುಮುರುಗು. ಹಗಲಲ್ಲಿ ದೀಪದ ಕಾವು, ಅದರ ಜೊತೆಗೇ ಮೂರು ನಾಲ್ಕು ಸಲ ನೀರು, ರಾತ್ರಿ ಹೀಟರಿನ ಒಣ ಬಿಸಿ. ಬಿಸಿ, ತೇವ ಮತ್ತು ನಿಂತ ಗಾಳಿ ಈ ಮೂರೂ ಒಟ್ಟಿಗೆ ಕೂಡಿದಾಗ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ, ಶ್ವಾಸಕೋಶದ ಸೋಂಕು ಹತ್ತುತ್ತದೆ. ಆದ್ದರಿಂದ ಹಗಲಿನ ತೇವಾಂಶ 30ರಿಂದ 50 ಪ್ರತಿಶತ, ರಾತ್ರಿಯದು 80ಕ್ಕಿಂತ ಹೆಚ್ಚು ಇರಬೇಕು. ಹಗಲು ಪಂಜರದ ಸಾಮಾನ್ಯ ಉಷ್ಣತೆ 22ರಿಂದ 26 ಡಿಗ್ರಿ ಸೆಲ್ಸಿಯಸ್, ರಾತ್ರಿ 20ಕ್ಕಿಂತ ಕೆಳಗೆ ಇಳಿಯಬೇಕು. 15ಕ್ಕೆ ಇಳಿದರೂ ಆರೋಗ್ಯವಂತ ದೊಡ್ಡ ಪ್ರಾಣಿಗೆ ತೊಂದರೆಯಿಲ್ಲ. ರಾತ್ರಿಗೆಂದು ಮಾರುವ ಕೆಂಪು ಬಲ್ಬು ಬೇಡವೇ ಬೇಡ. ಗೋಸುಂಬೆಗೆ ಆ ಬೆಳಕು ಕಾಣುತ್ತದೆ, ನಿದ್ದೆ ಕೆಡುತ್ತದೆ.

ಪಂಜರ

ದೊಡ್ಡ ಗೋಸುಂಬೆಗೆ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಪಂಜರ ಬೇಕು. ಅಡಿಯ ಲೆಕ್ಕದಲ್ಲಿ ಎರಡು, ಎರಡು, ನಾಲ್ಕು. ಸುತ್ತ ಜಾಲರಿಯಿರುವ ಪಂಜರ ಗಾಳಿಯಾಡಲು ಒಳ್ಳೆಯದು. ಆದರೆ ಚಳಿಗಾಲದಲ್ಲಿ ಹೀಟರ್ ಓಡುವ ಮನೆಗಳಲ್ಲಿ, ಮಿನಿಯಾಪೊಲಿಸ್ ಆಗಲಿ ಟೊರಾಂಟೊ ಆಗಲಿ, ಒಳಗಿನ ಗಾಳಿ ತೀರಾ ಒಣಗುತ್ತದೆ. ಅಲ್ಲಿ ಮೂರು ಬದಿ ಗಟ್ಟಿ ಹಾಳೆಯಿದ್ದು ಮೇಲ್ಭಾಗ ಮತ್ತು ಮುಂಭಾಗದ ಕೆಳಗೆ ಜಾಲರಿಯಿರುವ ಪಂಜರ ವಾಸಿ. ಜಾಲರಿಯದೇ ಇದ್ದರೆ ಹಿಂದಿನ ಮತ್ತು ಅಕ್ಕಪಕ್ಕದ ಬದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಆಗುತ್ತದೆ.

ಪಂಜರವನ್ನು ನೆಲದ ಮೇಲೆ ಇಡಬೇಡಿ. ಗೋಸುಂಬೆ ಕೂರುವ ಅತಿ ಎತ್ತರದ ಕೊಂಬೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರಲಿ. ಮೇಲಿನಿಂದ ಬರುವುದೆಲ್ಲ ಹದ್ದು, ಹಾವು ಎಂದೇ ಅದರ ಮೈಗೆ ಗೊತ್ತು. ಸದಾ ಜನರಿಗಿಂತ ಕೆಳಗೆ ಕೂರಿಸಿದ ಗೋಸುಂಬೆ ಸದಾ ಹೆದರಿಕೊಂಡೇ ಇರುತ್ತದೆ. ಟಿವಿ ಪಕ್ಕ, ಅಡುಗೆಮನೆ, ಎಸಿಯ ಗಾಳಿ ನೇರ ಬೀಸುವ ಜಾಗ, ಮಕ್ಕಳು ಓಡಾಡುವ ದಾರಿ, ಬೆಕ್ಕು ಹತ್ತಬಲ್ಲ ಕಿಟಕಿ ಕಟ್ಟೆ ಇವೆಲ್ಲ ಬೇಡ.

ಒಂದು ಪಂಜರಕ್ಕೆ ಒಂದೇ ಗೋಸುಂಬೆ. ಜೋಡಿಯಾಗಿ ಇಟ್ಟರೆ ಸಂತೋಷವಾಗಿರುತ್ತವೆ ಎನ್ನುವುದು ನಮ್ಮ ಕಲ್ಪನೆ. ಎರಡು ಮರಿಗಳು ಒಂದರ ಮೇಲೊಂದು ಕೂತಿದ್ದರೆ ಅದು ಪ್ರೀತಿಯೂ ಅಲ್ಲ, ಒಳ್ಳೆಯ ಜಾಗಕ್ಕಾಗಿ ನಡೆದ ತಳ್ಳಾಟ. ಕೆಳಗಿನದು ಸೊರಗುತ್ತ ಹೋಗುತ್ತದೆ. ಎರಡು ಪಂಜರ ಇದ್ದರೆ ನಡುವೆ ಮರೆ ಕಟ್ಟಿ. ಕನ್ನಡಿಯಂತೆ ಹೊಳೆಯುವ ಗಾಜಿನಲ್ಲಿ ತನ್ನದೇ ಬಿಂಬ ಕಂಡರೂ ಅದು ಎದುರಾಳಿ ಎಂದು ಉಬ್ಬಿಕೊಳ್ಳುತ್ತದೆ.

ಒಳಗೆ ಜೀವಂತ ಗಿಡಗಳಿರಲಿ. ಮನಿಪ್ಲಾಂಟ್, ಶೆಫ್ಲೆರಾ, ದಾಸವಾಳ, ಬೆಂಜಮಿನ್ ಫೈಕಸ್ ಇವು ಸಾಕುವವರು ಬಹುಕಾಲದಿಂದ ಬಳಸುತ್ತಿರುವ ಗಿಡಗಳು. ಯೆಮೆನ್ ಗೋಸುಂಬೆ ಎಲೆಯನ್ನೂ ಕಚ್ಚಿ ತಿನ್ನುತ್ತದೆ, ಆದ್ದರಿಂದ ಕಣಗಿಲೆಯಂಥ ವಿಷದ ಗಿಡ ಹತ್ತಿರ ಸುಳಿಯಬಾರದು, ಪ್ಲಾಸ್ಟಿಕ್ ಎಲೆಯೂ ಬೇಡ. ನುಂಗಿದರೆ ಕರುಳು ಕಟ್ಟುತ್ತದೆ. ನರ್ಸರಿಯಿಂದ ತಂದ ಗಿಡಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ಎಲೆಗಳನ್ನು ಚೆನ್ನಾಗಿ ತೊಳೆದು, ಮಣ್ಣು ಬದಲಿಸಿ, ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ಕುಂಡದ ಮಣ್ಣು ಬಾಯಿಗೆ ಹೋಗದಂತೆ ಗೋಸುಂಬೆಯ ತಲೆಗಿಂತ ದೊಡ್ಡ ಉರುಟುಕಲ್ಲುಗಳಿಂದ ಮುಚ್ಚಿ. ಪಂಜರದ ತಳ ಬರಿದಾಗಿದ್ದರೆ ಶುಚಿ ಮಾಡಲು ಸುಲಭ, ತೊಗಟೆ ಚೂರು ಹರಡುವುದರಿಂದ ಬೂಷ್ಟಲ್ಲದೆ ಬೇರೆ ಲಾಭವಿಲ್ಲ.

ಕೊಂಬೆಗಳ ದಪ್ಪ ಬೇರೆ ಬೇರೆ ಇರಬೇಕು. ಗೋಸುಂಬೆಯ ಪಾದ ನೋಡಿ: ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡು ಇಕ್ಕಳದಂತಾಗಿವೆ, ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು. ಆ ಇಕ್ಕಳ ಸುತ್ತ ಬಿಗಿಯುವಷ್ಟು ದಪ್ಪದ ಅಡ್ಡ ಕೊಂಬೆ ಸಿಕ್ಕರೆ ಅದು ನಿರಾಳವಾಗಿ ಕೂರುತ್ತದೆ. ಸಿಗದಿದ್ದರೆ ಜಾಲರಿಗೆ ಜೋತುಬೀಳುತ್ತದೆ. ಉಗುರು ಕಿತ್ತುಬರುವುದು, ಬೆರಳು ಊದುವುದು ಆಗ ಶುರು.

ಬೆಳಕು ಮತ್ತು ಕಾವು ಎರಡು ಬೇರೆ ಕೆಲಸ

ಅಂಗಡಿಯಲ್ಲಿ ಒಂದೇ ಬಲ್ಬು ಕೊಟ್ಟು ಎಲ್ಲ ಆಗುತ್ತದೆ ಎಂದರೆ ನಂಬಬೇಡಿ. ಎರಡು ದೀಪ ಬೇಕು. ಒಂದು ಯುವಿ-ಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಕೊಡುವ ಉದ್ದನೆಯ ಟ್ಯೂಬ್, ಇನ್ನೊಂದು ಕಾವು ಕೊಡುವ ಸಾಮಾನ್ಯ ಬಲ್ಬು.

ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ3 ಜೀವಸತ್ವ ಬೇಕು. ಡಿ3 ಚರ್ಮದಲ್ಲಿ ತಯಾರಾಗಲು ಯುವಿ-ಬಿ ಬೇಕು, ಆಮೇಲೆ ಅದು ಹದಕ್ಕೆ ಬರಲು ಮೈಗೆ ಕಾವು ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಟ್ಯೂಬ್ ಸತ್ತಿದ್ದರೆ ಮೂಳೆ ಮೆದುವಾಗುತ್ತಲೇ ಹೋಗುತ್ತದೆ.

ಟಿ5 ಹೈ ಔಟ್‌ಪುಟ್ ಟ್ಯೂಬ್ ತನ್ನಿ, ಯುವಿ-ಬಿ 5 ಅಥವಾ 6 ಪ್ರತಿಶತ ಎಂದು ಬರೆದದ್ದು, ಪಂಜರದ ಅಗಲಕ್ಕೆ ಸಮನಾದದ್ದು. ಮೇಲಿನ ಜಾಲರಿಯ ಮೇಲೆ ಅದನ್ನಿಟ್ಟರೆ ಸುಮಾರು 20ರಿಂದ 23 ಸೆಂ.ಮೀ. ಕೆಳಗೆ, ಗೋಸುಂಬೆಯ ಬೆನ್ನಿನ ಮಟ್ಟದಲ್ಲಿ, ಯುವಿ ಸೂಚ್ಯಂಕ, ಅಂದರೆ ಕಿರಣದ ತೀವ್ರತೆಯ ಅಳತೆ, 3ರ ಹತ್ತಿರ ಬರುತ್ತದೆ. ಬಿಸಿಲು ಕಾಯುವ ಕೊಂಬೆಯನ್ನು ಆ ಲೆಕ್ಕಕ್ಕೆ ಕಟ್ಟಿ. ಜಾಲರಿಯೇ ಕಿರಣದ ಮೂರನೇ ಒಂದು ಭಾಗದಷ್ಟನ್ನು ತಡೆಯುವುದುಂಟು. ಸೂಚ್ಯಂಕ ಅಳೆಯುವ ಮೀಟರ್ ದುಬಾರಿ, ಆದರೆ ಊರಿನ ಸರೀಸೃಪ ಪ್ರಿಯರ ಗುಂಪಿನಲ್ಲಿ ಒಬ್ಬರ ಬಳಿಯಾದರೂ ಇರುತ್ತದೆ, ಕೇಳಿ ತಂದು ಒಮ್ಮೆ ಅಳೆಯಿರಿ. ಸುರುಳಿ ಆಕಾರದ ಸಣ್ಣ ಯುವಿ ಬಲ್ಬು ಒಂದು ಚಿಕ್ಕ ಜಾಗಕ್ಕಷ್ಟೇ ಕಿರಣ ಚೆಲ್ಲುತ್ತದೆ, ಸಾಲದು. ಟ್ಯೂಬ್ ಕಣ್ಣಿಗೆ ಬೆಳಗುತ್ತಿದ್ದರೂ ಯುವಿ ತಗ್ಗುತ್ತ ಬರುತ್ತದೆ. ಹಾಕಿದ ತಾರೀಖನ್ನು ಅದರ ಮೇಲೇ ಬರೆದು, ಮೀಟರ್ ಇಲ್ಲದವರು 12 ತಿಂಗಳಿಗೆ ಬದಲಿಸಿ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿ-ಬಿಯನ್ನು ತಡೆಯುತ್ತದೆ.

ಕಾವಿನ ಬಲ್ಬಿನಡಿ ಕೊಂಬೆಯ ಮೇಲೆ ಗಂಡಿಗೆ 29 ಡಿಗ್ರಿ (ಫ್ಯಾರನ್‌ಹೀಟ್‌ನಲ್ಲಿ 85), ಹೆಣ್ಣಿಗೆ ಮತ್ತು ಮರಿಗಳಿಗೆ 27 ಡಿಗ್ರಿ (80) ಸಾಕು. ಅಳೆಯಬೇಕಾದದ್ದು ಏಣಿನ ತುದಿಯಿರುವ ಎತ್ತರದಲ್ಲಿ, ಏಕೆಂದರೆ ದೀಪಕ್ಕೆ ಅತಿ ಹತ್ತಿರ ಬರುವುದು ಅದು. ಯೆಮೆನ್ ಗೋಸುಂಬೆಯ ಏಣು ಸುಡುವುದು ಸಾಮಾನ್ಯ ಅಪಘಾತ. ಬೆಳಗ್ಗೆ ಮೈ ತಣ್ಣಗಿರುವಾಗ ಅದು ಕಾವಿನತ್ತ ಏರುತ್ತದೆ. ಚರ್ಮ ಸುಡುತ್ತಿದ್ದರೂ ಒಡಲು ಬೆಚ್ಚಗಾಗುವ ತನಕ ಕದಲುವುದಿಲ್ಲ. ಮೊದಲ ದಿನ ಹಸಿರು ಮಿಶ್ರಿತ ಮಚ್ಚೆ, ಆಮೇಲೆ ಕಪ್ಪು ಹುರುಕು. ಇದು ಜಾಲರಿಯ ಛಾವಣಿಗೆ ತಲೆಕೆಳಗಾಗಿ ಜೋತು ನಡೆಯುವ ಪ್ರಾಣಿ ಎನ್ನುವುದು ನೆನಪಿರಲಿ. ಬಲ್ಬನ್ನು ಜಾಲರಿಗೆ ತಾಗಿಸದೆ ಕೆಲವು ಇಂಚು ಮೇಲೆ ತೂಗುಹಾಕಿ. ದೀಪಗಳೆರಡೂ ಟೈಮರಿನಲ್ಲಿ 12 ಗಂಟೆ ಹೊತ್ತಿ, 12 ಗಂಟೆ ಆರಿರಲಿ. ಕಾವಿನ ಬಲ್ಬನ್ನು ಮಧ್ಯಾಹ್ನಕ್ಕೆ ಆರಿಸಿದರೂ ನಡೆಯುತ್ತದೆ.

ನೀರು

ಬೆಳಗ್ಗೆ 7ಕ್ಕೆ ದೀಪ ಹೊತ್ತುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ 1 ಗಂಟೆಗೆ 2 ನಿಮಿಷ ತುಂತುರು, ಅಲ್ಲಿಂದ ಬೆಳಗಿನ ತನಕ ಬಿಟ್ಟು ಬಿಟ್ಟು ಮಂಜಿನ ಯಂತ್ರ, ದೀಪ ಹೊತ್ತುವ ಮುಂಚೆ ಮತ್ತೆ 2 ನಿಮಿಷ ತುಂತುರು. ದಿನದ ಮುಖ್ಯ ನೀರು ಇಷ್ಟೇ. ದೀಪ ಹೊತ್ತಿದ ಮೇಲೆ ಎಲೆಗಳ ಮೇಲೆ ಉಳಿದ ಹನಿಗಳನ್ನು ಅದು ಕುಡಿಯುತ್ತದೆ, ಒಂದೆರಡು ಗಂಟೆಯಲ್ಲಿ ಪಂಜರ ಒಣಗುತ್ತದೆ. ಒಣಗದಿದ್ದರೆ ಗಾಳಿ ಸಾಲದು ಎಂದರ್ಥ. ಮಧ್ಯಾಹ್ನ 3ರ ಸುಮಾರಿಗೆ ಹನಿ ತೊಟ್ಟಿಕ್ಕಿಸಿ: ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ, ಪಂಜರದ ಮೇಲಿಟ್ಟು, ಸೆಕೆಂಡಿಗೊಂದು ಹನಿ ಅಗಲವಾದ ಎಲೆಯ ಮೇಲೆ ಬೀಳುವಂತೆ 15-20 ನಿಮಿಷ ಬಿಡಿ.

ಕುಡಿಯುವುದನ್ನು ದೂರದಿಂದ ನೋಡಿ. ಒಂದು ಕಣ್ಣು ಹನಿಯ ಮೇಲೆ ನಿಲ್ಲುತ್ತದೆ, ಇನ್ನೊಂದು ನಿಮ್ಮ ಮೇಲೆ. ನೀವು ಅಲುಗದಿದ್ದರೆ ಬಾಯಿ ಮೆಲ್ಲಗೆ ತೆರೆದು, ನಾಲಗೆಯ ತುದಿಯನ್ನಷ್ಟೇ ಎಲೆಗೆ ಒತ್ತಿ, ತಲೆಯೆತ್ತಿ ನುಂಗುತ್ತದೆ. ಅರ್ಧಕ್ಕೆ ನೀವು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಗೋಸುಂಬೆ ನೀರೇ ಕುಡಿಯುವುದಿಲ್ಲ ಎಂದು ಗಾಬರಿಪಡುವುದಕ್ಕೆ ಕಾರಣ ಇಷ್ಟೇ, ಜನ ಇರುವಾಗ ಅದು ಕುಡಿಯುವುದಿಲ್ಲ.

ನೀರು ಸರಿಯಾಗಿ ಹೋಗುತ್ತಿದೆಯೇ ಎನ್ನುವುದಕ್ಕೆ ಸಾಕ್ಷಿ ಹಿಕ್ಕೆಯಲ್ಲಿದೆ. ಕಂದು ಭಾಗದ ಜೊತೆ ಸುಣ್ಣದಂಥ ತುಂಡೊಂದು ಬರುತ್ತದಲ್ಲ, ಅದು ಯೂರೇಟ್, ಅಂದರೆ ಅದರ ಮೂತ್ರ. ಬೆಳ್ಳಗಿದ್ದರೆ, ಒಂದು ತುದಿಯಲ್ಲಿ ತುಸು ಹಳದಿಯಿದ್ದರೂ, ಚಿಂತೆಯಿಲ್ಲ. ಇಡೀ ತುಂಡು ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರಿಲ್ಲ. ಕಣ್ಣಿನ ಗುಡ್ಡೆ ಒಳಕ್ಕೆ ಇಳಿಯುವುದು ಆಮೇಲಿನ ಹಂತ. ದಿನಾ ಹಿಕ್ಕೆ ನೋಡುವವರಿಗೆ ಆ ಹಂತ ಕಾಣುವ ಪ್ರಸಂಗ ಬರುವುದಿಲ್ಲ.

ಮಂಜಿನ ಯಂತ್ರಕ್ಕೆ ಒಂದು ಶರತ್ತು ಇದೆ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಇಳಿಯದ ಮನೆಯಲ್ಲಿ ಅದನ್ನು ಓಡಿಸಬೇಡಿ. ಟೆಕ್ಸಸ್‌ನಲ್ಲೋ ದುಬೈಯಲ್ಲೋ ರಾತ್ರಿಯೂ 24 ಡಿಗ್ರಿಯಿರುವ ಕೋಣೆಯಲ್ಲಿ ಮಂಜು ತುಂಬಿದರೆ ಹಗಲಿನ ತಪ್ಪನ್ನೇ ರಾತ್ರಿ ಮಾಡಿದಂತೆ. ಆ ಕೋಣೆಯನ್ನು ತಂಪು ಮಾಡಿ, ಇಲ್ಲವೇ ತುಂತುರು ಮಾತ್ರ ಇಟ್ಟುಕೊಳ್ಳಿ. ಯಂತ್ರದ ನೀರು ಆರ್‌ಒ ಅಥವಾ ಬಟ್ಟಿಯಿಳಿಸಿದ್ದಾಗಿರಲಿ, ಗಡಸು ನೀರು ನಳಿಗೆಯ ತೂತು ಕಟ್ಟಿಸುತ್ತದೆ. ಮಂಜಿನ ಯಂತ್ರದ ತೊಟ್ಟಿ, ಕೊಳವೆಗಳನ್ನು ವಾರಕ್ಕೊಮ್ಮೆ ವಿನೆಗರ್ ಹಾಕಿ ತೊಳೆದು ಒಣಗಿಸಿ. ತೊಳೆಯದ ಯಂತ್ರ ಬ್ಯಾಕ್ಟೀರಿಯಾವನ್ನೇ ಆವಿ ಮಾಡಿ ಅದರ ಶ್ವಾಸಕೋಶಕ್ಕೆ ಊದುತ್ತದೆ. ಪಂಜರದ ತಳಕ್ಕೆ ತೂತು, ಕೆಳಗೊಂದು ಬಕೆಟ್ ಇರಲಿ.

ಹುಳು, ಹುಳುವಿನ ಹೊಟ್ಟೆ, ಪುಡಿ

ಮುಖ್ಯ ಆಹಾರ ಕ್ರಿಕೆಟ್ ಹುಳು ಮತ್ತು ದುಬಿಯಾ ಜಿರಲೆ. ಜೊತೆಗೆ ಬ್ಲ್ಯಾಕ್ ಸೋಲ್ಜರ್ ಫ್ಲೈ ನೊಣದ ಮರಿಹುಳು, ರೇಷ್ಮೆಹುಳು ಬದಲಿಸುತ್ತಿರಿ. ರಾಮನಗರದ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಅದೇ ರೇಷ್ಮೆಹುಳು. ಮೆತ್ತಗೆ, ನೀರಿನಂಶ ಹೆಚ್ಚು, ಗೋಸುಂಬೆಗೆ ಅಚ್ಚುಮೆಚ್ಚು. ಸೂಪರ್‌ವರ್ಮ್, ವ್ಯಾಕ್ಸ್‌ವರ್ಮ್ ಎಂದು ಮಾರುವ ಮರಿಹುಳುಗಳಲ್ಲಿ ಕೊಬ್ಬು ಜಾಸ್ತಿ, ಹದಿನೈದು ದಿನಕ್ಕೊಮ್ಮೆ ಒಂದೆರಡು ಸಾಕು. ಹುಳುವಿನ ಉದ್ದ ಗೋಸುಂಬೆಯ ತಲೆಯ ಅಗಲವನ್ನು ಮೀರದಿದ್ದರೆ ಒಳ್ಳೆಯದು. ಮಿಂಚುಹುಳುವನ್ನು ಎಂದೂ ಕೊಡಬೇಡಿ. ಅಮೆರಿಕದ ಕೆಲವು ಮಿಂಚುಹುಳುಗಳಲ್ಲಿ ಹೃದಯ ನಿಲ್ಲಿಸುವ ವಿಷವಿದೆ, ಸಾಕಿದ ಓತಿಗಳು ಅದನ್ನು ನುಂಗಿ ಸತ್ತದ್ದು ದಾಖಲಾಗಿದೆ.

ಮೂರು ತಿಂಗಳವರೆಗಿನ ಮರಿಗೆ ದಿನಾ ತಿನ್ನುವಷ್ಟು ಕೊಡಿ, ಹತ್ತು ಹದಿನೈದು ಸಣ್ಣ ಕ್ರಿಕೆಟ್ ಖರ್ಚಾಗುತ್ತವೆ. ಆರು ತಿಂಗಳ ಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸುತ್ತ ಬನ್ನಿ. ಬೆಳೆದ ಗಂಡಿಗೆ ದಿನ ಬಿಟ್ಟು ದಿನ ಮೂರರಿಂದ ಐದು ಹುಳು. ಕಡಿಮೆಯಾಯಿತೇನೋ ಅನ್ನಿಸುತ್ತದೆ, ಆಗಿರುವುದಿಲ್ಲ. ಬೊಜ್ಜು ಬಂದ ಗೋಸುಂಬೆಯೇ ಹೆಚ್ಚು ಕಾಣಸಿಗುತ್ತದೆ. ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ಸಂಜೆಯೊಳಗೆ ತೆಗೆಯಿರಿ, ರಾತ್ರಿ ಮಲಗಿದ ಗೋಸುಂಬೆಯನ್ನು ಅವು ಕಚ್ಚುತ್ತವೆ.

ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಬೇಕಾದದ್ದು ಇದರ ಉಲ್ಟಾ. ಅದನ್ನು ಎರಡು ರೀತಿಯಲ್ಲಿ ಸರಿಮಾಡುತ್ತೇವೆ. ಮೊದಲನೆಯದು, ಗೋಸುಂಬೆಗೆ ಕೊಡುವ ಒಂದೆರಡು ದಿನ ಮೊದಲಿನಿಂದ ಹುಳುಗಳಿಗೆ ಒಳ್ಳೆಯ ಮೇವು: ಸಾಸಿವೆ ಸೊಪ್ಪು, ಕಾಲರ್ಡ್ ಸೊಪ್ಪು, ನುಗ್ಗೆ ಸೊಪ್ಪು, ಸಿಹಿಗುಂಬಳ, ಗೆಣಸು, ಕ್ಯಾರೆಟ್. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹುಳುವಿನ ಹೊಟ್ಟೆಯಲ್ಲಿರುವುದೇ ಗೋಸುಂಬೆಯ ತರಕಾರಿ. ಎರಡನೆಯದು, ಪುಡಿ. ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಪ್ರತಿ ಊಟಕ್ಕೂ ಹುಳುಗಳ ಮೇಲೆ ತೆಳ್ಳಗೆ, ರಂಗೋಲಿ ಪುಡಿ ಗಾಳಿಗೆ ಕೂತಷ್ಟು. ಡಿ3 ಮತ್ತು ಎ ಇರುವ ಬಹುಜೀವಸತ್ವದ ಪುಡಿಯನ್ನು ಎರಡು ವಾರಕ್ಕೊಮ್ಮೆ ಮಾತ್ರ.

ಹೀಗೇಕೆ? ಚರ್ಮದಲ್ಲಿ ತಯಾರಾಗುವ ಡಿ3 ಸಾಕಾದಾಗ ತಾನೇ ನಿಲ್ಲುತ್ತದೆ. ಬಾಯಿಯಿಂದ ಹೋದದ್ದಕ್ಕೆ ಆ ತಡೆಯಿಲ್ಲ. ಅತಿಯಾದರೆ ಕತ್ತು, ಗಂಟಲ ಬಳಿ ನೀರುಚೀಲದಂತೆ ಊತ ಬರುತ್ತದೆ, ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಎ ಜೀವಸತ್ವ ತೀರಾ ಕಡಿಮೆಯಾದರೆ ಕಣ್ಣು ಊದುತ್ತದೆ, ಪೊರೆ ಕಳಚದೆ ಅಂಟಿಕೊಳ್ಳುತ್ತದೆ. ಹೆಚ್ಚಾದರೆ ಅದು ಡಿ3ಯ ಕೆಲಸಕ್ಕೆ ಅಡ್ಡ ಬರುತ್ತದೆ. ಆರೋಗ್ಯಕ್ಕೆಂದು ದಿನಾ ಎಲ್ಲ ಪುಡಿ ಹಾಕುವವರೇ ಕಾಯಿಲೆ ತಂದುಕೊಡುತ್ತಾರೆ.

ಹೆಣ್ಣು ಸಾಕುವವರಿಗೆ

ಗಂಡಿನ ಮುಖ ನೋಡದೆಯೂ ಯೆಮೆನ್ ಗೋಸುಂಬೆಯ ಹೆಣ್ಣು ಮೊಟ್ಟೆಯಿಡುತ್ತದೆ. ಕೋಳಿಯಂತೆಯೇ, ಮರಿಯಾಗದ ಮೊಟ್ಟೆ. ನಾಲ್ಕರಿಂದ ಆರು ತಿಂಗಳ ವಯಸ್ಸಿಗೆ ಇದು ಶುರುವಾಗಬಹುದು. ಅಂಗಡಿಯವರು ಈ ಮಾತು ಹೇಳದೆ ಮಾರುವುದರಿಂದ ಎಷ್ಟೋ ಹೆಣ್ಣುಗಳು ಮೊದಲ ಮೊಟ್ಟೆಗೇ ಸಾಯುತ್ತವೆ. ಈ ಬರಹದಲ್ಲಿ ಒಂದೇ ಭಾಗ ಓದುವಿರಾದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇವೆ.

ಆಹಾರ ಮತ್ತು ಕಾವು ಹೆಚ್ಚಿದ್ದಷ್ಟೂ ಮೊಟ್ಟೆ ಹೆಚ್ಚು. ಹೊಟ್ಟೆ ತುಂಬ ತಿನ್ನಿಸಿ 32 ಡಿಗ್ರಿಯಲ್ಲಿ ಇಟ್ಟ ಹೆಣ್ಣು ಒಂದೇ ಸಲಕ್ಕೆ 60-70 ಮೊಟ್ಟೆ ಹೊರುವುದುಂಟು. ಅಷ್ಟೂ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರ ಮೂಳೆಯಿಂದಲೇ ಹೋಗಬೇಕು. ಆದ್ದರಿಂದ ಬೆಳವಣಿಗೆ ಮುಗಿಯುತ್ತ ಬಂದ ಹೆಣ್ಣಿಗೆ ವಾರದಲ್ಲಿ ಎರಡು ಮೂರು ದಿನ, ದಿನಕ್ಕೆ ಮೂರು ಹುಳು, ಕಾವು 27 ಡಿಗ್ರಿ ಮೀರದಂತೆ ಇಡಿ. ಮೊಟ್ಟೆ 20-30ಕ್ಕೆ ಇಳಿಯುತ್ತದೆ, ಹೆಣ್ಣಿನ ಆಯುಸ್ಸು ಹೆಚ್ಚುತ್ತದೆ.

ನಾಲ್ಕು ತಿಂಗಳಾಗುತ್ತಲೇ ಪಂಜರದಲ್ಲಿ ಮೊಟ್ಟೆಯಿಡುವ ಪೆಟ್ಟಿಗೆ ಇಟ್ಟುಬಿಡಿ, ಇಟ್ಟದ್ದನ್ನು ತೆಗೆಯಬೇಡಿ. 30 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಡಬ್ಬ. ಅದರಲ್ಲಿ ಕನಿಷ್ಠ 20 ಸೆಂ.ಮೀ. ಆಳಕ್ಕೆ ತೊಳೆದ ಮರಳು. ತೇವದ ಹದ ನೋಡುವುದು ಹೀಗೆ: ಬೆರಳಿನಿಂದ ಓರೆಯಾಗಿ ಬಿಲ ತೋಡಿ. ಕುಸಿದರೆ ಒಣಗಿದೆ, ತಳದಲ್ಲಿ ನೀರು ಒಸರಿದರೆ ಹೆಚ್ಚಾಗಿದೆ, ಬಿಲ ಹಾಗೇ ನಿಂತರೆ ಸರಿ. ಡಬ್ಬಕ್ಕೆ ಹತ್ತಿ ಇಳಿಯಲು ಒಂದು ಕೊಂಬೆ ಚಾಚಿರಲಿ.

ಮೊಟ್ಟೆ ತುಂಬಿದ ಹೆಣ್ಣಿನ ಹಸಿರು ಮೈ ಗಾಢವಾಗಿ, ಅದರ ಮೇಲೆ ನೀಲಿ, ಹಳದಿ ಚುಕ್ಕೆಗಳು ಏಳುತ್ತವೆ. ಊಟ ಬಿಡುತ್ತದೆ, ತಳಕ್ಕಿಳಿದು ಅಲೆಯುತ್ತದೆ, ಅಲ್ಲಲ್ಲಿ ಕೆರೆಯುತ್ತದೆ. ಆಗ ಪಂಜರದ ಕೆಳಭಾಗಕ್ಕೆ ಬಟ್ಟೆ ಮುಚ್ಚಿ, ಕೋಣೆಯಲ್ಲಿ ಓಡಾಟ ನಿಲ್ಲಿಸಿ. ಅದು ಬಿಲದೊಳಗೆ ಇಡೀ ಮೈ ತೂರಿಸಿ ತೋಡುವಾಗ ಇಣುಕಿದರೆ ಅರ್ಧಕ್ಕೇ ಬಿಟ್ಟು ಮೇಲೆ ಹತ್ತಿಬಿಡುತ್ತದೆ, ಮೊಟ್ಟೆ ಒಳಗೇ ಉಳಿಯುತ್ತದೆ. ಫೋಟೊ ತೆಗೆಯುವ ಆಸೆಗೆ ಜೀವ ಹೋದದ್ದಿದೆ. ದೀಪ ಆರಿದ ಮೇಲೂ ಬಿಲದಲ್ಲಿದ್ದರೆ ಹಾಗೇ ಬಿಡಿ. ಕೆಲಸ ಮುಗಿದ ಮೇಲೆ ಬಿಲ ಮುಚ್ಚಿ, ತಟ್ಟಿ ಸಮ ಮಾಡಿ, ಮೂತಿಗೆ ಮರಳು ಮೆತ್ತಿಕೊಂಡು, ಹೊಟ್ಟೆ ಅಂಟಿಹೋಗಿ ಮೇಲೆ ಬರುತ್ತದೆ. ಆಗ ಹೆಚ್ಚು ಹೊತ್ತು ನೀರು ಚಿಮುಕಿಸಿ, ಮೂರು ನಾಲ್ಕು ದಿನ ಚೆನ್ನಾಗಿ ತಿನ್ನಿಸಿ, ಆಮೇಲೆ ಹಳೆಯ ಲೆಕ್ಕಕ್ಕೆ ಮರಳಿ.

ಎರಡು ದಿನ ತೋಡಿಯೂ ಮೊಟ್ಟೆಯಿಡದೆ, ಕಣ್ಣು ಮುಚ್ಚಿ ನೆಲದಲ್ಲಿ ಕೂತರೆ ಕಾಯಬೇಡಿ. ಅಂದೇ ಸರೀಸೃಪಗಳ ವೈದ್ಯರಲ್ಲಿಗೆ ಒಯ್ಯಿರಿ. ಎಕ್ಸ್‌ರೇ ತೆಗೆದು, ಕ್ಯಾಲ್ಸಿಯಂ ಮತ್ತು ಗರ್ಭಕೋಶ ಕುಗ್ಗಿಸುವ ಔಷಧ ಕೊಟ್ಟು ನೋಡುತ್ತಾರೆ, ಆಗದಿದ್ದರೆ ಶಸ್ತ್ರಕ್ರಿಯೆ.

ಕಾಯಿಲೆಯನ್ನು ಓದುವುದು

ಗೋಸುಂಬೆ ಕಾಯಿಲೆಯನ್ನು ಬಚ್ಚಿಡುತ್ತದೆ. ಮರದ ಮೇಲೆ ದುರ್ಬಲವಾಗಿ ಕಂಡದ್ದು ಹಕ್ಕಿಯ ಬಾಯಿಗೆ ಹೋಗುತ್ತದೆ, ಹಾಗಾಗಿ ಕೊನೆಯ ಶಕ್ತಿಯಿರುವವರೆಗೆ ಸರಿಯಿರುವಂತೆಯೇ ಕೂರುತ್ತದೆ. ನಮ್ಮ ಕಣ್ಣಿಗೆ ಕಂಡಿತು ಎಂದರೆ ತಡವಾಗಿದೆ ಎಂದೇ ಹಿಡಿಯಬೇಕು.

ಹಗಲು ದೀಪ ಉರಿಯುವಾಗ ಕಣ್ಣು ಮುಚ್ಚಿ ಕೂರುವುದು ಯಾವಾಗಲೂ ತುರ್ತು. ಆರೋಗ್ಯವಂತ ಗೋಸುಂಬೆ ಹಗಲು ನಿದ್ದೆ ಮಾಡುವುದಿಲ್ಲ. ಕಾವಿನಡಿ ಬಾಯಿ ತೆರೆದರೆ ಬಿಸಿ ಹೆಚ್ಚಾಗಿದೆ. ತಣ್ಣಗಿರುವಾಗಲೂ ಮೂತಿ ಮೇಲೆತ್ತಿ, ಬಾಯಿ ತೆರೆದು, ಉಸಿರಿಗೆ ಚಿಟಿಚಿಟಿ ಸದ್ದು ಬಂದರೆ ಶ್ವಾಸಕೋಶದ ಸೋಂಕು. ಮೂಳೆಯ ಕಾಯಿಲೆ ಮೊದಲು ಕಾಣುವುದು ನಾಲಗೆಯಲ್ಲಿ. ದೇಹದ ಒಂದೂವರೆ ಪಟ್ಟು ದೂರಕ್ಕೆ ಚಿಮ್ಮುವ ಆ ನಾಲಗೆಯ ಸ್ನಾಯುಗಳು ಕ್ಯಾಲ್ಸಿಯಂ ಇಲ್ಲದೆ ಬಿಗಿಯಲಾರವು, ಗುರಿ ಹತ್ತಿರವಿದ್ದರೂ ನಾಲಗೆ ಅರ್ಧಕ್ಕೇ ಬೀಳುತ್ತದೆ. ಹಿಡಿತ ಸಡಿಲವಾಗುವುದು, ಮುಂಗೈ ಬಿಲ್ಲಿನಂತೆ ಬಾಗುವುದು, ದವಡೆ ಮೆತ್ತಗಾಗುವುದು ಅದರ ನಂತರ. ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ, ಆದರೆ ಬೆಳಕು, ಪುಡಿ ಸರಿಪಡಿಸಿ ಚಿಕಿತ್ಸೆ ಕೊಡಿಸಿದರೆ ಮುಂದೆ ಬಾಗುವುದು ನಿಲ್ಲುತ್ತದೆ.

ಬಣ್ಣದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎನ್ನುವ ನಂಬಿಕೆಯಿಂದಲೇ ನಮ್ಮಲ್ಲಿ ಮಾತು ಬದಲಿಸುವವರಿಗೆ ಗೋಸುಂಬೆ ಎನ್ನುವ ಹೆಸರು ಬಂದಿದೆ. ನಿಜದಲ್ಲಿ ಬಣ್ಣ ಅದರ ಮೈಯ ಕಾವು ಮತ್ತು ಮನಸ್ಸಿನ ಸ್ಥಿತಿ. ಮಡಗಾಸ್ಕರದ ಪ್ಯಾಂಥರ್ ಗೋಸುಂಬೆಯ ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿದ್ದು, ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಸಾಕುವವರಿಗೆ ಬೇಕಾದದ್ದು ಇಷ್ಟು: ಬೆಳಗ್ಗೆ ಕಪ್ಪಾಗಿ ಬಿಸಿಲಿಗೆ ಮೈ ಚಪ್ಪಟೆ ಮಾಡುವುದು ಕಾವು ಹೀರಲು, ಸಹಜ. ದಿನವಿಡೀ ಕಪ್ಪಾಗಿ ಎಲೆ ಮರೆಯಲ್ಲೇ ಇದ್ದರೆ ಚಳಿ, ಭಯ ಅಥವಾ ನೋವು.

ಕೈಗೆತ್ತಿಕೊಳ್ಳುವುದನ್ನು ಆದಷ್ಟು ಬಿಡಿ. ತೆಗೆಯಲೇಬೇಕಾದಾಗ ಮೇಲಿನಿಂದ ಹಿಡಿಯದೆ, ಎದೆಯ ಕೆಳಗೆ ಮುಂದುಗಡೆಯಿಂದ ಕೈ ಚಾಚಿ, ತಾನೇ ಹತ್ತುವಂತೆ ಮಾಡಿ. ಬಾಲ ಎಳೆಯಬೇಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಈ ಪ್ರಾಣಿಯನ್ನು ತರುವುದನ್ನೇ ಮುಂದೂಡುವುದು ಲೇಸು.

ತರುವ ಮುನ್ನ

ಸೆರೆಯಲ್ಲೇ ಹುಟ್ಟಿದ, ಮೂರು ತಿಂಗಳು ತುಂಬಿದ ಮರಿಯನ್ನು ಸಾಕಣೆಗಾರರಿಂದಲೇ ಕೊಳ್ಳಿ. ಕಾಡಿನಿಂದ ಹಿಡಿದು ತಂದದ್ದರಲ್ಲಿ ಪರಾವಲಂಬಿ ಹುಳುಗಳ ಭಾರ ಹೆಚ್ಚು. ಹಿಕ್ಕೆಯ ಪರೀಕ್ಷೆಯನ್ನು ತಂದ ಮೊದಲ ತಿಂಗಳೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಎಲ್ಲ ಪಶುವೈದ್ಯರಿಗೂ ಗೋಸುಂಬೆ ಗೊತ್ತಿರುವುದಿಲ್ಲ. ಅಸೋಸಿಯೇಷನ್ ಆಫ್ ರೆಪ್ಟೈಲ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಸಂಘಟನೆಯ ಪಟ್ಟಿಯಲ್ಲಿ ನಿಮ್ಮ ಊರಿನ ಹತ್ತಿರದವರನ್ನು ಈಗಲೇ ಹುಡುಕಿ, ಫೋನ್ ನಂಬರನ್ನು ಪಂಜರದ ಪಕ್ಕ ಅಂಟಿಸಿಡಿ.

ಪಂಜರವನ್ನು ಗೋಸುಂಬೆಗಿಂತ ಎರಡು ವಾರ ಮೊದಲೇ ತನ್ನಿ. ಗಿಡ, ದೀಪ, ಟೈಮರ್, ತುಂತುರು ಎಲ್ಲ ಜೋಡಿಸಿ ಖಾಲಿಯಾಗಿಯೇ ಓಡಿಸಿ. ಎರಡು ಥರ್ಮಾಮೀಟರ್, ಒಂದು ತೇವಮಾಪಕ ಇಟ್ಟು ಬೆಳಗ್ಗೆ 7, ಮಧ್ಯಾಹ್ನ 1, ರಾತ್ರಿ 3ರ ಅಂಕಿಗಳನ್ನು ಬರೆದಿಡಿ. ಅಂಕಿಗಳನ್ನು ತಾನೇ ಉಳಿಸಿಕೊಳ್ಳುವ ಮಾಪಕ ಸಿಕ್ಕರೆ ನಿದ್ದೆಗೆಡಬೇಕಿಲ್ಲ. ಎಲ್ಲೋ ನೀರು ಸೋರುತ್ತದೆ, ಒಂದು ನಳಿಗೆ ಕಟ್ಟುತ್ತದೆ, ಕೊಂಬೆಯ ಮೇಲೆ 33 ಡಿಗ್ರಿ ತೋರುತ್ತದೆ. ಇವೆಲ್ಲ ಖಾಲಿ ಪಂಜರದಲ್ಲಿ ಆಗಿ ಮುಗಿಯಲಿ. ಅಂಕಿಗಳು ಐದು ದಿನ ಸತತ ಸರಿಯಿದ್ದ ಮೇಲೆ ಮರಿ ತನ್ನಿ, ಬೆಳಗಿನ ಹೊತ್ತು ತಂದರೆ ಇಡೀ ಹಗಲು ಅದಕ್ಕೆ ಜಾಗ ನೋಡಿಕೊಳ್ಳಲು ಸಿಗುತ್ತದೆ. ಹೊಸ ಜಾಗದಲ್ಲಿ ಎರಡು ಮೂರು ದಿನ ಅದು ತಿನ್ನದಿರಬಹುದು. ಹುಳು ಹಾಕಿ, ನೀರಿನ ಟೈಮರ್ ನೋಡಿಕೊಂಡು, ಮೂರು ಬದಿಗೆ ಬಟ್ಟೆ ಕಟ್ಟಿ, ಆ ವಾರ ಕೋಣೆಯ ಬಾಗಿಲು ಮುಚ್ಚಿಟ್ಟುಬಿಡಿ.